ಹತ್ತು ಗಂಟೆ ಹೂ ಕುಂಡದಂಚಿನಿಂದ ಕೆಳಗಿಳಿದದ್ದು

ಲೋಕವಿನ್ನೂ ಹೊಸದಾಗಿದ್ದ ಕಾಲ. ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು. ಸೂರ್ಯನಿಗೆ ಇನ್ನೂ ದಾರಿ ರೂಢಿಯಾಗಿರಲಿಲ್ಲ, ದಿನಾ ಬೆಳಿಗ್ಗೆ ಗುಡ್ಡಕ್ಕೆ ಮೊಣಕಾಲು ತಗಲಿಸಿಕೊಂಡು ಮೇಲೇಳುತ್ತಿದ್ದ. ಹೊಳೆ ಒಂದು ದಿನ ಮೂಡಲಿಗೆ ಹರಿದರೆ ಮರುದಿನ ಪಡುವಲಿಗೆ ಹರಿಯುತ್ತಿತ್ತು. ಕುಂಬಳಗಿಡ ತೆಂಗಿನ ಮರದ ಹಾಗೆ ನೆಟ್ಟಗೆ ನಿಂತು ಕಾಯಿ ಬಿಡುತ್ತಿತ್ತು. ಒಂದು ಕಾಯಿ ಉದುರಿದರೆ ಏಳು ಮನೆಯವರು ಅದನ್ನು ಕೊರೆದು ಒಳಗೇ ಮಳೆಗಾಲ ಕಳೆಯುತ್ತಿದ್ದರು. ಈ ಕಥೆಯನ್ನು ಅರ್ಧಂಬರ್ಧ ಬಲ್ಲವರು ಊರೂರಲ್ಲಿ ಇದ್ದಾರೆ. ಬೇರಿನಿಂದ ಚಿಗುರಿನವರೆಗೆ ಪೂರ್ತಿ ಸಿಗುವುದು ಇಲ್ಲಿ ಮಾತ್ರ.

ಆಗ ಬಳ್ಳಿ ಎಂಬುದೇ ಇರಲಿಲ್ಲ. ಗಿಡಗಳೆಲ್ಲ ನೆಟ್ಟಗೆ ನಿಲ್ಲುತ್ತಿದ್ದವು. ಸೂರ್ಯ ಮೊದಲ ದಿನವೇ ಎಲ್ಲಕ್ಕೂ ಕೇಳುವ ಹಾಗೆ ಹೇಳಿಬಿಟ್ಟಿದ್ದ: "ತಲೆ ಎತ್ತಿ ನನ್ನನ್ನು ನೋಡಿದವರಿಗೆ ಹೂವು. ತಲೆ ತಗ್ಗಿಸಿದವರಿಗೆ ಬರೀ ಎಲೆ."

ಆ ಹೊಳೆಯ ದಂಡೆಯಲ್ಲಿ ಮಡಕೆ ಮಾಡುವ ತಿಪ್ಪವ್ವ ಇದ್ದಳು. ಅವಳ ಗಂಡ ದ್ಯಾಮಣ್ಣ ತಿಗರಿ ತಿರುಗಿಸಿ ಮಡಕೆಯ ಬಾಯಿ ಎತ್ತುತ್ತಿದ್ದ, ತಿಪ್ಪವ್ವ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ದುಂಡಗೆ ಮಾಡುತ್ತಿದ್ದಳು. ಅವನ ತಿಗರಿ ತಿರುಗುವ ರಭಸಕ್ಕೆ ಹಾರುವ ಗಿಡುಗ ಕೂಡ ತಲೆ ಸುತ್ತಿ ಕೆಳಗಿಳಿದು ಕೂರುತ್ತಿತ್ತು. ಅವಳು ತಟ್ಟಿದ ಮಡಕೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿದರೆ ಆಚೆ ದಡದ ದನಗಳು ಮನೆಗೆ ಹೊರಡುತ್ತಿದ್ದವು.

ಕೆಲಸ ಮಾಡುವಾಗ ದ್ಯಾಮಣ್ಣ ಬಾಯಿ ಮುಚ್ಚಿಕೊಂಡೇ ಗುಂಯ್ ಎಂದು ಗುನುಗುತ್ತಿದ್ದ. ಅದಕ್ಕೆ ಪದವೂ ಇರಲಿಲ್ಲ, ರಾಗವೂ ಇರಲಿಲ್ಲ. ಅವನಿಗಿಂತ ಮಣ್ಣೇ ಚೆನ್ನಾಗಿ ಹಾಡುತ್ತದೆ ಎಂದು ತಿಪ್ಪವ್ವ ರೇಗಿಸುತ್ತಿದ್ದಳು.

ಒಂದು ದಿನ ತಿಗರಿ ತಿರುಗುತ್ತಲೇ ಇತ್ತು, ಗುನುಗು ನಿಂತಿತು. ತಿಪ್ಪವ್ವ ತಿರುಗಿ ನೋಡಿದಳು. ದ್ಯಾಮಣ್ಣನ ಕೈ ಮಣ್ಣಿನ ಮೇಲೇ ಇತ್ತು. ಉಸಿರು ಇರಲಿಲ್ಲ.

ಊರಿನ ಹಿರಿಯ ಹೊನ್ನಜ್ಜ ಬಂದ. ಮಾಡಬೇಕಾದದ್ದನ್ನು ಹೇಳಿಕೊಟ್ಟ. ಹೊಸ ಮಡಕೆಯಲ್ಲಿ ನೀರು ತುಂಬಬೇಕು, ತಳದಲ್ಲಿ ತೂತು ಹಾಕಬೇಕು, ಹೆಗಲ ಮೇಲೆ ಹೊತ್ತು ಮೂರು ಸುತ್ತು ಬರಬೇಕು. ಹೋದವರ ಉಸಿರು ಆ ಮಡಕೆಯೊಳಗೆ ಬಂದು ಕೂರುತ್ತದೆ. ಆಮೇಲೆ ಹಿಂದೆ ನೋಡದೆ ಮಡಕೆಯನ್ನು ಬೆನ್ನ ಹಿಂದಕ್ಕೆ ಬಿಡಬೇಕು. ಅದು ಒಡೆದಾಗ ಉಸಿರು ಮಣ್ಣು ಸೇರಿ, ಮುಂದಿನ ಮಳೆಗೆ ಹುಲ್ಲಾಗಿ ಏಳುತ್ತದೆ.

ಮಕ್ಕಳಿಲ್ಲದ ಮನೆ. ತಿಪ್ಪವ್ವಳೇ ಮಡಕೆ ಹೊತ್ತಳು. ಅವನು ಬಾಯಿ ಎತ್ತಿದ್ದು, ಅವಳು ತಟ್ಟಿದ್ದು, ಇಬ್ಬರೂ ಸೇರಿ ಸುಟ್ಟದ್ದು. ಮೂರು ಸುತ್ತು ಬಂದಳು. ನೀರು ಅವಳ ಬೆನ್ನ ಮೇಲೆ ಇಳಿಯಿತು. ಆದರೆ ಕೈ ಬಿಡುವ ಹೊತ್ತಿಗೆ ಗೆಣ್ಣು ಮಡಕೆಗೆ ತಾಗಿ ಅದು ಠಣ್ ಎಂದಿತು.

ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬಿರುಕು ಬಿಟ್ಟದ್ದನ್ನು ಎಸೆಯಬಹುದು. ಠಣ್ ಎಂದ ಮಡಕೆಯನ್ನು ಕೈಯಾರೆ ಒಡೆಯುವಂತಿಲ್ಲ. ತಿಪ್ಪವ್ವನ ಕೈಗೆ ಗೊತ್ತಿದ್ದದ್ದು ಅದೊಂದೇ. ಮಡಕೆಯನ್ನು ಎದೆಗೆ ಒತ್ತಿಕೊಂಡು ಮನೆಯ ಕಡೆ ನಡೆದುಬಿಟ್ಟಳು.

ಹೊನ್ನಜ್ಜ ಕೋಲೂರಿಕೊಂಡು ಹಿಂದೆಯೇ ಬಂದ.

"ತಂಗೀ, ಇದು ಒಡೆಯದಿದ್ದರೆ ಅವನು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ."

"ಈ ಕಡೆಯೇ ಇರಲಿ ಬಿಡಜ್ಜ," ಎಂದಳು ತಿಪ್ಪವ್ವ.

ಅಂಗಳದ ಮೋಟುಗೋಡೆಯ ಮೇಲೆ ಮಡಕೆ ಇಟ್ಟಳು. ಗಾಳಿ ಬಂದು ಬಾಯಿಯ ಮೇಲೆ ಹಾದಾಗ ಒಳಗಿನಿಂದ ಗುಂಯ್ ಎಂದಿತು. ತಿಪ್ಪವ್ವ ಅದರ ಪಕ್ಕದಲ್ಲೇ ಕೂತು ಊಟ ಮಾಡಿದಳು. ಅವನು ಹೋದ ಮೇಲೆ ಅವಳು ಉಂಡ ಮೊದಲ ತುತ್ತು ಅದು.

ಮಳೆ ಬಂತು. ಊರಿನಲ್ಲಿ ಸತ್ತವರೆಲ್ಲ ಹುಲ್ಲಾಗಿ ಎದ್ದರು. ದ್ಯಾಮಣ್ಣ ಏಳಲಿಲ್ಲ. ಗುನುಗು ದಿನದಿಂದ ದಿನಕ್ಕೆ ತೆಳ್ಳಗಾಯಿತು. ಒಂದು ಮಧ್ಯಾಹ್ನ ಅದು ಮಾತಾಯಿತು.

"ಲೇ ತಿಪ್ಪಿ, ಇಲ್ಲಿ ಇಕ್ಕಟ್ಟು ಕಣೇ. ಕಾಲು ಚಾಚೋಕಾಗಲ್ಲ."

ತಿಪ್ಪವ್ವ ಕಲ್ಲು ತಂದಳು. ಮೂರು ಸಲ ಎತ್ತಿದಳು, ಮೂರು ಸಲವೂ ಮೆಲ್ಲಗೆ ಕೆಳಗಿಟ್ಟಳು. ಗಾಳಿಯನ್ನು ಕರೆದು, ನೀನಾದರೂ ಇದನ್ನು ಗೋಡೆಯಿಂದ ಕೆಡವು ಎಂದಳು. ಹೊತ್ತವರು ಬಿಡಬೇಕಾದ್ದನ್ನು ತಾನು ಕೆಡವಿದರೆ ಉಸಿರು ದಾರಿ ತಪ್ಪುತ್ತದೆ ಎಂದು ಗಾಳಿ ಹೋಯಿತು. ಹೊಳೆಯ ಬಳಿಗೆ ಹೋಗಿ, ಇದನ್ನು ಕರಗಿಸಿಕೊಡು ಎಂದಳು. ಹೊಳೆ ಮಡಕೆಯನ್ನು ಮೂಸಿ ನೋಡಿ ಹಿಂದೆ ಸರಿಯಿತು.

"ಹಸಿ ಮಣ್ಣಾದರೆ ನನ್ನ ಮಾತು ಕೇಳುತ್ತಿತ್ತು. ಬೆಂದ ಮಣ್ಣು ಯಾರ ಮಾತನ್ನೂ ಕೇಳುವುದಿಲ್ಲ ತಿಪ್ಪವ್ವ."

ಹೊಳೆಯ ಆಚೆ, ಅವಳು ಮಣ್ಣು ಅಗೆಯುವ ಗುಂಡಿಯ ಅಂಚಿನಲ್ಲಿ, ಒಂದು ಪುಟ್ಟ ಗಿಡ ಇತ್ತು. ಕಡ್ಡಿಯಂಥ ಕಾಂಡ, ದಪ್ಪ ಎಲೆ, ಗೇಣೂ ಇಲ್ಲದ ಎತ್ತರ. ಎದ್ದು ನಿಲ್ಲುವುದೇ ಅದಕ್ಕೊಂದು ದೊಡ್ಡ ಕೆಲಸ. ಪಕ್ಕದ ಜೋಳದ ದಂಟು, ನಿನ್ನನ್ನು ಎತ್ತಿ ನಿಲ್ಲಿಸಲು ಊರುಗೋಲು ತರಬೇಕೇನು ಎಂದು ದಿನಾ ಹಂಗಿಸುತ್ತಿತ್ತು. ಆದರೂ ಅದು ತಲೆ ಎತ್ತಿ ಒಂದೇ ಒಂದು ಹೂ ಬಿಟ್ಟಿತ್ತು.

ಆ ಗಿಡ ತಾನಾಗಿಯೇ ಮಾತಾಡಿಸಿತು. "ಅಕ್ಕಾ, ಉಸಿರು ಇಳಿಯಲು ಜೀವ ಇರುವ ದಾರಿ ಬೇಕು. ಆ ಮಡಕೆಗೆ ಮಣ್ಣು ತುಂಬಿ ನನ್ನನ್ನು ಇಡು. ನಾನು ಅಂಚು ದಾಟಿ ನೆಲದವರೆಗೆ ಇಳಿಯುತ್ತೇನೆ. ನನ್ನ ಕಾಂಡದೊಳಗಿಂದ ಅವನು ಇಳಿಯಲಿ. ಮಡಕೆ ಒಡೆಯುವುದು ಬೇಡ."

"ಕೆಳಗೆ ಇಳಿದರೆ ತಲೆ ತಗ್ಗಿಸಿದ ಹಾಗಾಯಿತಲ್ಲ. ಸೂರ್ಯ ನಿನ್ನ ಹೂ ಕಿತ್ತುಕೊಳ್ಳುತ್ತಾನೆ."

"ಗೊತ್ತು," ಎಂದಿತು ಗಿಡ.

ತಿಪ್ಪವ್ವ ಅದನ್ನು ಬೇರು ಸಮೇತ ಎತ್ತಿ ತಂದಳು. ತನ್ನ ಹತ್ತಿರ ಇದ್ದ ಮಣ್ಣಿನಲ್ಲೆಲ್ಲ ಒಳ್ಳೆಯ ಮಣ್ಣು, ಏಳು ಸಲ ತುಳಿದು ಬೆಣ್ಣೆಯ ಹಾಗೆ ಹದ ಮಾಡಿದ ಮಡಕೆಯ ಮಣ್ಣು, ಅದನ್ನೇ ತುಂಬಿದಳು. ಮಡಕೆ ಮಾಡುವವರಿಗೆ ಅದಕ್ಕಿಂತ ಹೆಚ್ಚಿನದು ಯಾವುದಿದೆ? ನಾಲ್ಕು ದಿನಕ್ಕೆ ಗಿಡ ಹಳದಿಯಾಯಿತು.

"ಅಕ್ಕಾ, ಇದು ಮಡಕೆಗೆ ಊಟ. ನನಗೆ ಉಸಿರು ಕಟ್ಟುತ್ತಿದೆ."

ತಿಪ್ಪವ್ವ ಎಲ್ಲ ಬಗೆದು ತೆಗೆದಳು. ಹೊಳೆಯ ಮರಳು, ಹಳೆಯ ಸಗಣಿಗೊಬ್ಬರ, ಮಡಕೆ ಸುಡುವ ಆವಿಗೆಯ ಚೂರು ಬೂದಿ, ಮೂರನ್ನೂ ಕೆಮ್ಮಣ್ಣಿಗೆ ಕಲಸಿ ಸಡಿಲವಾಗಿ ತುಂಬಿದಳು. ಗಾಬರಿಗೆ ಕೊಡಗಟ್ಟಲೆ ನೀರು ಸುರಿದಳು. ದ್ಯಾಮಣ್ಣನಿಗಾಗಿ ಹಾಕಿದ ಅಡಿಯ ತೂತಿನಿಂದ ಹೆಚ್ಚಿನ ನೀರೆಲ್ಲ ಹರಿದುಹೋಯಿತು. ಗಿಡ ಬದುಕಿತು.

ಅದು ಒಂದು ಬೆಳಿಗ್ಗೆ ಮಡಕೆಯ ಅಂಚಿಗೆ ಎದೆ ಕೊಟ್ಟು ಕೆಳಗೆ ಬಾಗಿತು. ಸೂರ್ಯ ನೋಡಿದ. ಅದರ ಹೂ ಕಿತ್ತುಕೊಂಡು ಮುಂದೆ ಹೋದ. ಗಿಡ ಇಳಿಯುತ್ತಲೇ ಹೋಯಿತು. ಬೆರಳಷ್ಟು ಇಳಿಯಿತು, ಗೇಣು ಇಳಿಯಿತು. ಒಳಗಿನ ಗುನುಗು ಮಣ್ಣಿನಿಂದ ಬೇರಿಗೆ, ಬೇರಿನಿಂದ ಕಾಂಡಕ್ಕೆ ಬಂತು. ಕಿವಿಯಿಟ್ಟರೆ ಕೇಳುತ್ತಿತ್ತು.

ತುದಿಗೂ ನೆಲಕ್ಕೂ ಎರಡು ಬೆರಳಿನ ಅಂತರ ಉಳಿದಾಗ ತಿಪ್ಪವ್ವ ಬಗ್ಗಿ ನೋಡಿದಳು. ನಾಳೆ ಮುಟ್ಟುತ್ತದೆ. ಮುಟ್ಟಿದರೆ ಅವನು ಹೋಗುತ್ತಾನೆ. ಅವಳ ಉಗುರು ಅವಳನ್ನು ಕೇಳದೆ ಆ ತುದಿಯನ್ನು ಚಿವುಟಿತು. ಚಿವುಟಿದ ಚೂರನ್ನು ಗೋಡೆಯ ಬುಡಕ್ಕೆ ಬಿಸಾಡಿ, ಏನೂ ಆಗದವಳ ಹಾಗೆ ಒಳಗೆ ಹೋದಳು.

ಮರುದಿನವೂ ಚಿವುಟಿದಳು. ಅದರ ಮರುದಿನವೂ. ಕೇಳಿದವರಿಗೆಲ್ಲ, ಗಿಡ ನಿಧಾನ ಎಂದಳು. ಹೊನ್ನಜ್ಜನಿಗೂ ಹಾಗೇ ಹೇಳಿದಳು. ಅಜ್ಜ ಅವಳ ಹಸಿರು ಹತ್ತಿದ ಉಗುರನ್ನು ನೋಡಿ ಕೋಲೂರಿಕೊಂಡು ಎದ್ದು ಹೋದ.

ಆದರೆ ಒಂದು ತುದಿ ಚಿವುಟಿದಲ್ಲಿ ಎರಡು ಚಿಗುರು ಬಂದವು. ಎರಡನ್ನು ಚಿವುಟಿದರೆ ನಾಲ್ಕು. ಮಡಕೆಯ ಸುತ್ತ ಹಸಿರು ಕೂದಲು ಬಿಚ್ಚಿದ ಹಾಗೆ ಬಳ್ಳಿಗಳು ಇಳಿದವು. ಒಂದು ದಿನ ತಿಪ್ಪವ್ವ ಬೆಳಗಿನಿಂದ ಚಿವುಟಿದರೂ ಮುಗಿಯಲಿಲ್ಲ. ಉಗುರು ನೊಂದಿತು, ಬೆನ್ನು ಸೋತಿತು. ಅವಳು ಗೋಡೆಗೆ ಒರಗಿ ಕೂತಳು.

"ಅಕ್ಕಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ," ಎಂದಿತು ಗಿಡ. "ನೀನು ಚಿವುಟಿದಷ್ಟೂ ನಾನು ಹೆಚ್ಚುತ್ತೇನೆ. ಆದರೆ ಅವನು ಹೆಚ್ಚುವುದಿಲ್ಲ. ಪ್ರತಿ ಸಲ ತುದಿಯವರೆಗೆ ಬರುತ್ತಾನೆ, ಬಾಗಿಲು ಮುಚ್ಚಿದೆ ಎಂದು ಮೇಲೆ ಹತ್ತುತ್ತಾನೆ. ದಣಿದಿದ್ದಾನೆ."

ತಿಪ್ಪವ್ವ ಒಂದು ಬಳ್ಳಿಯನ್ನು ಎತ್ತಿ ಕಿವಿಗೆ ಇಟ್ಟುಕೊಂಡಳು. ಗುನುಗು ಇರಲಿಲ್ಲ. ಏದುಸಿರು ಇತ್ತು. ಇಡೀ ದಿನ ತಿಗರಿ ತಿರುಗಿಸಿ, ಮೂಲೆಯಲ್ಲಿ ಕೂತು, ಅವಳಿಗೆ ಗೊತ್ತಾಗದಿರಲಿ ಎಂದು ಅವನು ಮೆಲ್ಲಗೆ ಬಿಡುತ್ತಿದ್ದ ಏದುಸಿರು. ಆಗಲೂ ಅವಳಿಗೆ ಗೊತ್ತಾಗುತ್ತಿತ್ತು.

ಹೊತ್ತು ಏರುತ್ತಾ ಬಂತು. ಆಗ ತಿಪ್ಪವ್ವ ಮಂಡಿಯೂರಿ, ಗೋಡೆಯ ಬುಡದ ಮಣ್ಣನ್ನು ಎರಡೂ ಕೈಯಿಂದ ಕೆದಕಿ ಸಡಿಲ ಮಾಡಿದಳು. ಬೊಗಸೆಯಲ್ಲಿ ಎತ್ತಿ ಗುಡ್ಡೆ ಮಾಡಿ, ಬಳ್ಳಿಯ ತುದಿಯವರೆಗೆ ತಾನೇ ನೆಲವನ್ನು ತಂದುಕೊಟ್ಟಳು.

"ಹೋಗಿ ಬನ್ನಿ," ಎಂದಳು. ಊರಿಗೆ ಮಡಕೆ ಮಾರಲು ಹೊರಟವನಿಗೆ ಹೇಳುತ್ತಿದ್ದ ಹಾಗೇ ಹೇಳಿದಳು.

"ಬರ್ತೀನಿ ಕಣೇ," ಎಂದಿತು ಬಳ್ಳಿಯೊಳಗಿನ ಉಸಿರು.

ಅವಳ ಅಂಗೈ ಕೆಳಗೆ ಮಣ್ಣು ಒಮ್ಮೆ ಉಬ್ಬಿ ತಗ್ಗಿತು. ಮೇಲೆ ಮಡಕೆಯ ಬಾಯಿಯ ಹತ್ತಿರ ಗಾಳಿ ಹಾದುಹೋಯಿತು. ಯಾವ ಸದ್ದೂ ಬರಲಿಲ್ಲ.

ಆಗ ಸೂರ್ಯ ಗುಡ್ಡ ದಾಟಿ, ಮರ ದಾಟಿ, ಮೋಟುಗೋಡೆಯ ನೇರಕ್ಕೆ ಬಂದಿದ್ದ. ಗಂಟೆ ಎಣಿಸುವ ಯಂತ್ರ ಆಗೆಲ್ಲಿತ್ತು? ಇದ್ದಿದ್ದರೆ ಹತ್ತು ಹೊಡೆಯುತ್ತಿತ್ತು. ಅಂಗಳದಲ್ಲಿ ತಲೆ ತಗ್ಗಿಸಿದ ಗಿಡವನ್ನು ಕಂಡ, ಅದರ ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹೆಂಗಸನ್ನು ಕಂಡ. ಅಲ್ಲೇ ನಿಂತ. ಸೂರ್ಯ ನಿಂತದ್ದು ಲೋಕದಲ್ಲಿ ಅದೊಂದೇ ಸಲ. ದನಗಳಿಗೆ ನೆರಳು ಎತ್ತ ಹೋಯಿತೆಂದು ತಿಳಿಯದೆ ಗಲಿಬಿಲಿಯಾಯಿತಂತೆ.

"ಮೇಲೆ ನೋಡುವವರಿಗೆ ಮಾತ್ರ ಎಂದು ನಾನು ಹೇಳಿದ್ದೆ," ಎಂದ ಸೂರ್ಯ. "ಕೆಳಗೆ ಏನಿದೆ ಎಂದು ನಾನು ನೋಡಿರಲಿಲ್ಲ."

ಕಿತ್ತುಕೊಂಡಿದ್ದ ಆ ಒಂದು ಹೂವನ್ನು ಹಿಂದಕ್ಕೆ ಕೊಟ್ಟ. ಬಳ್ಳಿ ನೂರು ಕವಲಾಗಿತ್ತಲ್ಲ, ಒಂದು ಹೂ ನೂರಾಯಿತು. ಬೆಳಗಿನ ಕೆಂಪು, ಮಧ್ಯಾಹ್ನದ ಹಳದಿ, ಮೋಡದಂಚಿನ ಗುಲಾಬಿ ಬಣ್ಣ, ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟ. ದಿನಾ ಇದೇ ಹೊತ್ತಿಗೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಮುಚ್ಚಿಕೊಂಡಿರು ಎಂದು ಹೇಳಿ ಮುಂದೆ ನಡೆದ.

ತಿಪ್ಪವ್ವ ಚಿವುಟಿ ಬಿಸಾಡಿದ ಚೂರುಗಳೂ ಒಣಗಿರಲಿಲ್ಲ. ಬಿದ್ದಲ್ಲೇ ಬೇರು ಬಿಟ್ಟು, ಗೋಡೆಯ ಬುಡದುದ್ದಕ್ಕೂ ಸೀರೆಯ ಅಂಚಿನ ಹಾಗೆ ಹರಡಿಕೊಂಡಿದ್ದವು. ಅವೂ ಅರಳಿದವು. ತಿಪ್ಪವ್ವ ಎದ್ದು ಕೈಯ ಮಣ್ಣು ಕೊಡವಿಕೊಂಡಳು. ಒಳಗೆ ಹೋಗಿ ದ್ಯಾಮಣ್ಣನ ತಿಗರಿಯ ಮುಂದೆ ಮೊದಲ ಸಲ ತಾನೇ ಕೂತಳು. ಮುಂದಿನ ಮಳೆಗೆ ಅಂಗಳದಲ್ಲಿ ಹುಲ್ಲು ಎದ್ದಿತು.

ಅದಕ್ಕೇ ನೋಡು ಮಗಾ, ಹೂಕುಂಡದ ತಳದಲ್ಲಿ ಇವತ್ತಿಗೂ ತೂತು ಇರುತ್ತದೆ. ಹತ್ತು ಗಂಟೆ ಹೂವಿನ ತುದಿ ಚಿವುಟಿದರೆ ಅದು ಎರಡಾಗುತ್ತದೆ, ಚಿವುಟಿದ ಚೂರು ಮಣ್ಣಿಗೆ ಬಿದ್ದರೆ ಬದುಕುತ್ತದೆ. ಮತ್ತು ನಿಮ್ಮ ಮನೆಯ ಜಗುಲಿಯ ಮೇಲಿರುವ ಕುಂಡದಿಂದ ಆ ಬಳ್ಳಿ ಅಂಚು ದಾಟಿ ಇಳಿಯುತ್ತಾ, ಬಿಸಿಲು ಏರಿದ ಮೇಲೆ ಅರಳಿ, ಮೆಲ್ಲಗೆ ನೆಲ ಮುಟ್ಟುವುದು, ಯಾರನ್ನೋ ಕೈಹಿಡಿದು ಮಣ್ಣಿನವರೆಗೆ ಬಿಟ್ಟು ಬರುವುದಕ್ಕೆ.