ಗುಂಡಿ ಹೊಲಿಸದ ಚೀಲ

ಹೊಳೆಯ ದಂಡೆಯಲ್ಲಿ ನಂಜುಂಡಾರಾಧ್ಯ ಎಂಬ ಗುರು ಇದ್ದರು. ಅವರಿಗೆ ವೇದಾಂತ ಗೊತ್ತಿರಲಿಲ್ಲ. ಹಕ್ಕಿಗಳ ಫೋಟೋ ತೆಗೆಯುವುದು ಗೊತ್ತಿತ್ತು, ಅದನ್ನೇ ಕಲಿಸುತ್ತಿದ್ದರು.

ಅವರಿಗೊಬ್ಬ ಶಿಷ್ಯ, ಕೌಸ್ತುಭ. ಒಳ್ಳೆಯ ಹುಡುಗ. ತೊಂದರೆ ಇದ್ದದ್ದೇ ಅಲ್ಲಿ.

"ಮೇಷ್ಟ್ರೇ ಅಂದ್ರೆ ಸಾಕು" ಎಂದು ಆರಾಧ್ಯರು ಎಷ್ಟು ಸಲ ಹೇಳಿದರೂ ಅವನು "ಗುರುಗಳೇ" ಎನ್ನುವುದನ್ನು ಬಿಡಲಿಲ್ಲ. ಅವರು ಕೆಮ್ಮಿದರೂ ಅದರಲ್ಲೊಂದು ಉಪದೇಶ ಹುಡುಕುತ್ತಿದ್ದ.

ಹೊಳೆಯ ನಡುವೆ ಒಂದು ಮರಳುದಿಬ್ಬವಿತ್ತು. ಬೇಸಿಗೆಯಲ್ಲಿ ರೀವ ಹಕ್ಕಿಗಳು ಅಲ್ಲಿ ಮೊಟ್ಟೆ ಇಡುತ್ತಿದ್ದವು. ಕಪ್ಪು ನೆತ್ತಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಗೂಡು ಗೀಡು ಕಟ್ಟುವ ಜಾತಿಯಲ್ಲ, ಮರಳಿನಲ್ಲೊಂದು ಕುಳಿ ಮಾಡಿದರೆ ಆಯಿತು. ಬಿಸಿಲೇರಿದಾಗ ತಾಯಿಹಕ್ಕಿ ನೀರಿಗಿಳಿದು ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಅದು ತಂಪಾಗಿರಲೆಂದು.

ಒಂದು ಕಾಲದಲ್ಲಿ ಆ ದಿಬ್ಬದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಲಾರಿಗಳು ಬಂದವು, ಸುತ್ತಲಿನ ಮರಳೆಲ್ಲ ಹೋಯಿತು. ಈ ವರ್ಷ ಬಂದದ್ದು ಒಂದೇ ಜೋಡಿ. ಇಟ್ಟದ್ದು ಎರಡು ಮೊಟ್ಟೆ. ಒಂದನ್ನು ಕಾಗೆ ಒಯ್ದಿತು.

ಉಳಿದ ಒಂದರ ಮೇಲೆ ಆರಾಧ್ಯರ ಜೀವವಿತ್ತು.

ಶಿಷ್ಯನ ಜೀವ ಚೀಲದ ಮೇಲಿತ್ತು.

ಕ್ಯಾಮೆರಾ ಕೊಂಡಾಗಿನಿಂದ ಅವನು ಅದಕ್ಕೊಂದು ಚೀಲ ಹುಡುಕುತ್ತಲೇ ಇದ್ದ. ಹೆಗಲಿಗೆ ನೇತುಹಾಕುವುದನ್ನು ತಂದ, ಭುಜ ನೋವು ಬಂತು. ಬೆನ್ನಿಗೆ ಹಾಕುವುದನ್ನು ತಂದ, ಲೆನ್ಸ್ ತೆಗೆಯಲು ಪ್ರತಿ ಸಲವೂ ಕೆಳಗಿಳಿಸಬೇಕಾಯಿತು. ಪಕ್ಕದಲ್ಲಿ ಜಿಪ್ ಇರುವುದನ್ನು ತಂದ, ಅದರಲ್ಲಿ ದೊಡ್ಡ ಲೆನ್ಸ್ ಹಿಡಿಸಲಿಲ್ಲ. ಹೆಣ್ಣು ನೋಡುವವರೂ ಅಷ್ಟು ಮನೆ ಸುತ್ತುವುದಿಲ್ಲ.

ಕೊನೆಗೊಂದು ಒಪ್ಪಿಗೆಯಾಯಿತು. ಒಳಗೆ ಬೂದುಬಣ್ಣದ ಮೆತ್ತೆಯ ಖಾನೆಗಳು. ಬೇಕಾದಂತೆ ಕಿತ್ತು ಬೇಕಾದಲ್ಲಿ ಅಂಟಿಸಬಹುದು. ಒಂದೊಂದು ಖಾನೆಗೂ ಒಂದೊಂದು ಮುಚ್ಚಳ, ಮುಚ್ಚಳಕ್ಕೆ ವೆಲ್ಕ್ರೋ ಪಟ್ಟಿ. ಅದನ್ನು ತಂದು ಗುರುಗಳ ಮುಂದಿಟ್ಟ.

"ಹೇಗಿದೆ ಗುರುಗಳೇ?"

ಆರಾಧ್ಯರು ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಚೆನ್ನಾಗಿದೆ. ಕೈಜಾರಿ ಬಿದ್ರೂ ಲೆನ್ಸಿಗೆ ಏನೂ ಆಗಲ್ಲ."

"ನೀವು ಕ್ಯಾಮೆರಾನ ಹಳೇ ಟವೆಲಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ಇಡ್ತೀರಲ್ಲ. ಅದು ವೈರಾಗ್ಯ ಅಲ್ವಾ ಗುರುಗಳೇ?"

"ಅಲ್ಲ ಕಣೋ. ಟವೆಲು ಸದ್ದು ಮಾಡಲ್ಲ."

ಹಾಗೆನ್ನುತ್ತಲೇ ಒಂದು ಮುಚ್ಚಳ ಹಿಡಿದೆಳೆದರು. ಚರ್ರ್ ಎಂದಿತು. ಬೇಲಿಯ ಮೇಲಿದ್ದ ಗುಬ್ಬಿಗಳು ಎದ್ದು ಹಾರಿದವು.

"ಈ ಪಟ್ಟಿ ಕಿತ್ತುಹಾಕಿ ಗುಂಡಿ ಹೊಲಿಸು. ಅಲ್ಲೀವರೆಗೂ ಚೀಲ ತೆರೆಯೋದಿದ್ರೆ ಈ ದಡದಲ್ಲೇ ತೆರಿ. ಹೊಳೆ ದಾಟಿದ ಮೇಲೆ ತೆರೀಬೇಡ."

ಕೌಸ್ತುಭ ಕಣ್ಣು ತುಂಬಿಕೊಂಡು ನಿಂತ. ಇಷ್ಟು ದೊಡ್ಡ ಮಾತನ್ನು ಗುರುಗಳು ಎಷ್ಟು ಸಲೀಸಾಗಿ ಆಡಿಬಿಟ್ಟರಲ್ಲ! ಚೀಲವೆಂದರೆ ಮನಸ್ಸು. ಹೊಳೆಯೆಂದರೆ ಸಂಸಾರ. ಬದುಕಿರುವಾಗಲೇ ತೆರೆದುಕೊಳ್ಳಬೇಕು, ದಾಟಿದ ಮೇಲೆ ಆಗುವುದಿಲ್ಲ.

ಮನೆಗೆ ಹೋಗಿ ಆ ಮಾತನ್ನು ಸೂರ್ಯಾಸ್ತದ ಫೋಟೋದ ಮೇಲೆ ಬರೆದು, ಫೋನಿನಲ್ಲಿ ಗೊತ್ತಿದ್ದವರಿಗೆಲ್ಲ ಕಳಿಸಿದ. ಮರುದಿನ ಓಡುತ್ತಾ ಬಂದ.

"ನೋಡಿ ಗುರುಗಳೇ, ಎಷ್ಟು ಜನ ಕೈಮುಗಿದಿದ್ದಾರೆ! ಒಬ್ಬರಂತೂ ನಿಮ್ಮ ಮಾತು ಓದಿ ಅತ್ತೇಬಿಟ್ಟರಂತೆ."

"ಯಾವ ಮಾತು?"

"ಚೀಲದ ಮಾತು."

"ಗುಂಡಿ ಹೊಲಿಸಿದ್ಯಾ?"

ಶಿಷ್ಯ ನಕ್ಕ. ಇದು ಪರೀಕ್ಷೆ ಎಂದುಕೊಂಡ.

"ಎದೆಗೇ ಹೊಲ್ಕೊಂಡಿದ್ದೀನಿ ಗುರುಗಳೇ."

ಆಗಲೇ ಬೈಯಬೇಕಿತ್ತು. ಆರಾಧ್ಯರು ಬಾಯಿಯನ್ನೂ ತೆರೆದರು. ಆದರೆ ಆ ಪುಟ್ಟ ಪರದೆಯ ತುಂಬ ಮುಗಿದ ಕೈಗಳಿದ್ದವು. ಹೊಗಳಿಕೆ ಯಾರಿಗೆ ಬೇಡ?

"ಇನ್ನೊಬ್ಬರು ಏನಂದಿದ್ದಾರೆ, ಓದು" ಎಂದರು.

ಕೆಲವು ದಿನಗಳಾದ ಮೇಲೆ ಆರಾಧ್ಯರ ಮಂಡಿ ಊದಿಕೊಂಡಿತು. ಹರಿಗೋಲು ಹತ್ತುವಂತಿರಲಿಲ್ಲ. ಶಿಷ್ಯನನ್ನು ಕರೆದರು.

"ನಾಳೆ ನೀನು ಹೋಗು. ಮರಿ ಹೊರಗೆ ಬರೋ ಹೊತ್ತು. ಅದರದ್ದೊಂದು ಫೋಟೋ ಇದ್ರೆ ಫಾರೆಸ್ಟ್ ಸಾಹೇಬ್ರ ಮುಂದೆ ಇಟ್ಟು ಕೇಳಬಹುದು, ಲಾರಿಯವರು ಈ ದಿಬ್ಬಾನಾದ್ರೂ ಬಿಡ್ತಾರೆ."

"ತೆಗೆದೇ ತೆಗೀತೀನಿ ಗುರುಗಳೇ."

"ತೆಗೀದಿದ್ರೂ ಚಿಂತೆಯಿಲ್ಲ. ಹಕ್ಕಿ ಮಾತ್ರ ಏಳಬಾರದು. ಬಿಸಿಲಲ್ಲಿ ಅದು ಎದ್ದರೆ ಮೊಟ್ಟೆ ಬೆಂದುಹೋಗುತ್ತೆ. ಆಯ್ತಾ?"

"ಆಯ್ತು ಗುರುಗಳೇ."

ಬೆಳಕು ಹರಿಯುವ ಮುಂಚೆ ಅಂಬಿಗ ಅವನನ್ನು ದಿಬ್ಬದಲ್ಲಿ ಇಳಿಸಿ ಹೊರಟುಹೋದ. ಕೌಸ್ತುಭ ಗೋಣಿತಾಟಿನ ಮರೆಯೊಳಗೆ ಹೊಕ್ಕು ಕೂತ. ಈಚೆ ದಡದ ಹೊಂಗೆ ಮರದ ಕೆಳಗೆ ಆರಾಧ್ಯರು ದುರ್ಬೀನು ಹಿಡಿದು ಕೂತರು.

ಬೆಳಗ್ಗೆಯೆಲ್ಲ ಚೆನ್ನಾಗಿಯೇ ಇತ್ತು. ಬಿಸಿಲು ಏರಿತು. ಹಕ್ಕಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು, ಮರೆಗೆ ತೀರಾ ಹತ್ತಿರ. ದೊಡ್ಡ ಲೆನ್ಸಿನಲ್ಲಿ ಅದರ ಬಾಲವೇ ಹಿಡಿಸುತ್ತಿರಲಿಲ್ಲ. ಸಣ್ಣದು ಚೀಲದಲ್ಲಿತ್ತು.

ಚರ್ರ್.

ಹಕ್ಕಿ ಎದ್ದಿತು. ಒಂದು ಸುತ್ತು ಹಾರಿ ಮತ್ತೆ ಇಳಿಯಿತು.

ಕೌಸ್ತುಭ ಅಚ್ಚುಕಟ್ಟಿನವನು. ತೆಗೆದಿಟ್ಟ ದೊಡ್ಡ ಲೆನ್ಸಿಗೆ ಮರಳು ಹೋಗಬಾರದಲ್ಲ? ಅದನ್ನು ಅದರದೇ ಖಾನೆಯಲ್ಲಿ ಇಡಬೇಕು.

ಚರ್ರ್.

ಈಚೆ ದಡಕ್ಕೆ ಸದ್ದು ಕೇಳುತ್ತಿರಲಿಲ್ಲ. ಹಕ್ಕಿ ಏಳುವುದಷ್ಟೇ ಕಾಣುತ್ತಿತ್ತು. ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

"ಕೂತ್ಕೊಳ್ಳೇ ತಾಯಿ, ಕೂತ್ಕೊ" ಎಂದು ಆರಾಧ್ಯರು ಗೊಣಗಿದರು. ಕೂಗಿಕೊಂಡರೆ ಇನ್ನಷ್ಟು ಬೆದರೀತು. ಊದಿದ ಮಂಡಿಯಲ್ಲೇ ಎದ್ದು ನಿಂತು, ಹೆಗಲ ಟವೆಲು ತೆಗೆದು ಬೀಸಿದರು: ಅಲ್ಲಾಡಬೇಡ, ಏನನ್ನೂ ಮುಟ್ಟಬೇಡ.

ಗೋಣಿಯ ತೂತಿನಿಂದ ಶಿಷ್ಯನಿಗೆ ಅದು ಕಂಡಿತು. ಗುರುಗಳು ದೂರದಿಂದಲೇ ಹರಸುತ್ತಿದ್ದಾರೆ! ಆ ದೃಶ್ಯ ಬಿಡಬಾರದೆನಿಸಿತು. ಅಷ್ಟು ದೂರಕ್ಕೆ ದೊಡ್ಡ ಲೆನ್ಸೇ ಬೇಕು.

ಚರ್ರ್.

ಈ ಸಲ ಹಕ್ಕಿ ಇಳಿಯಲಿಲ್ಲ. ನೀರಿನಂಚಿನಲ್ಲಿ ಕೂತು ಬಹಳ ಹೊತ್ತು ಕೂಗಿತು. ಜೊತೆಯದು ಬಂತು. ಆಮೇಲೆ ಎರಡೂ ಹೊಳೆಯ ಗುಂಟ ಕೆಳಗೆ ಹಾರಿಹೋದವು.

ಸಂಜೆ ಕೌಸ್ತುಭ ಹರಿಗೋಲಿನಿಂದ ಇಳಿದಾಗ ಚೀಲವನ್ನು ಎದೆಗೆ ಅವುಚಿಕೊಂಡಿದ್ದ.

"ಹಕ್ಕಿಗಳು ಬಿಟ್ಟು ಹೋದವು ಗುರುಗಳೇ. ನಾನು ಬಿಡಲಿಲ್ಲ."

ಚರ್ರ್ ಎಂದು ಮುಚ್ಚಳ ತೆರೆದ. ಎಲ್ಲಕ್ಕಿಂತ ದಪ್ಪ ಮೆತ್ತೆಯ ಖಾನೆಯಲ್ಲಿ, ಲೆನ್ಸ್ ಒರೆಸುವ ಬಟ್ಟೆಯ ಮೇಲೆ, ಮೊಟ್ಟೆ ಇತ್ತು.

"ದಾರೀಲಿ ಒಂದು ಚೂರೂ ಅಲುಗಾಡಿಲ್ಲ. ಕಾವು ಕೊಟ್ಟರೆ ಮರಿ ಆಗುತ್ತಲ್ವಾ ಗುರುಗಳೇ?"

ಆರಾಧ್ಯರು ಮೊಟ್ಟೆಯನ್ನು ಕಿವಿಗೆ ಹಿಡಿದು ನೋಡಿದರು. ಆಮೇಲೆ ಕಲ್ಲಿಗೆ ತಟ್ಟಿ ಒಡೆದರು.

ಒಳಗೆ ಮರಿ ಪೂರ್ತಿ ಬೆಳೆದಿತ್ತು. ಕೊಕ್ಕು ಮೂಡಿತ್ತು. ಮೈಮೇಲೆ ತುಪ್ಪಳ ಬಂದಿತ್ತು. ಬೆಂದುಹೋಗಿತ್ತು.

ಕೌಸ್ತುಭ ಮರಳಲ್ಲಿ ಕುಸಿದು ಕೂತು ಅತ್ತ. ಅವನ ಅಳು ನಿಜವಾದದ್ದು, ಅದರಲ್ಲಿ ಅನುಮಾನ ಬೇಡ.

ಆರಾಧ್ಯರು ಮರದ ಬುಡದಲ್ಲಿ ಕುಳಿ ತೋಡಿ ಮರಿಯನ್ನು ಮುಚ್ಚಿದರು. ಕುಂಟುತ್ತಾ ಮನೆಯೊಳಗೆ ಹೋಗಿ ಸೂಜಿ, ದಾರ, ಹಳೆಯ ಅಂಗಿಗಳ ಗುಂಡಿ ಹಾಕಿಟ್ಟಿದ್ದ ಡಬ್ಬಿ ತಂದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಗಳನ್ನು ಒಂದೊಂದಾಗಿ ಕಿತ್ತರು. ಗುಂಡಿ ಹೊಲಿಯತೊಡಗಿದರು.

"ಗುರುಗಳೇ, ಬೈದುಬಿಡಿ."

"ನಿನ್ನೊಬ್ಬನ್ನೇ ಹೇಗೆ ಬೈಲಿ? ಕೈ ಮುಗಿಸ್ಕೊಂಡು ಕೂತಿದ್ದೋನು ನಾನು."

ಸೂಜಿ ಮೆತ್ತೆಯಲ್ಲಿ ಹೊಕ್ಕು ಹೊರಬರುತ್ತಿತ್ತು. ಶಿಷ್ಯ ಬಹಳ ಹೊತ್ತು ಅದನ್ನೇ ನೋಡುತ್ತಿದ್ದ. ಕಣ್ಣೊರೆಸಿಕೊಂಡ. ಮೆಲ್ಲಗೆ ಹತ್ತಿರ ಸರಿದು ಕೂತ.

"ಈಗ ನನಗೆ ಅರ್ಥ ಆಗ್ತಿದೆ ಗುರುಗಳೇ."

"ಏನು?"

"ಜೋಪಾನ ಮಾಡಬೇಕಾದ್ದನ್ನ ಬಿಟ್ಟು ನಾವು ಬದುಕಿಡೀ ಬೇರೇನನ್ನೋ..."

ಆರಾಧ್ಯರು ಹಲ್ಲಿನಿಂದ ದಾರ ಕಡಿದರು.

"ಅರ್ಥ ಏನೂ ಇಲ್ಲ ಕಣಯ್ಯ. ಅಲ್ಲೊಂದು ಮೊಟ್ಟೆ ಇತ್ತು."