ಪಾಳಿಯಲ್ಲಿ ನಿಂತ ಡಬ್ಬಿಗಳು

"ಗುರುಗಳೇ, ಒಂದು ಕಂಪನಿ ತನ್ನ ಗಿರಾಕಿಗಳಿಗೆ ಬೇಡವಾದ ತೀರ್ಮಾನ ಮಾಡಿದರೆ, ಅದರ ಅಧಿಕಾರಿಯನ್ನು ಕೆಲಸದಿಂದ ತೆಗೆಯಿರಿ ಎಂದು ಗಿರಾಕಿಗಳು ಪಟ್ಟು ಹಿಡಿಯುವುದು ಸರಿಯೇ?"

ಹೀಗೆ ಕೇಳಿದವನು ಚನ್ನಮಲ್ಲ ಎಂಬ ಶಿಷ್ಯ. ಅವನ ಊರಿನ ಮನೆಮನೆಯಲ್ಲೂ ಒಂದೇ ಕಂಪನಿಯ ಚಹಾಪುಡಿ ಕುದಿಯುತ್ತಿತ್ತು. ಆ ಕಂಪನಿ ಪುಡಿಯ ಹದ ಬದಲಿಸಿತು. ಚಹಾದ ಬಣ್ಣ ಉಳಿಯಿತು, ರುಚಿ ಹೋಯಿತು. ಊರಿನವರು ಸಿಟ್ಟಾದರು. ಮರುದಿನ ಕಂಪನಿಯ ಬಾಗಿಲಿಗೆ ಹೋಗಿ, ದೊಡ್ಡ ಅಧಿಕಾರಿಯನ್ನು ಮನೆಗೆ ಕಳಿಸುವ ತನಕ ಏಳುವುದಿಲ್ಲ ಎಂದು ಕೂರುವುದೆಂದು ನಿಶ್ಚಯಿಸಿದ್ದರು. ಚನ್ನಮಲ್ಲನೂ ಹೊರಟಿದ್ದ. ಗುರುಗಳ ಮಾತು ಕೇಳಿ ಹೋಗುತ್ತೇನೆ ಎಂದು ಬಂದಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಬೇಕಾಗಿದ್ದುದು ಗುರುಗಳ ಮಾತಲ್ಲ, ಒಂದು ಹೂಂ ಮಾತ್ರ.

ಗುರುಗಳು ಹೂಂ ಅನ್ನಲಿಲ್ಲ. ಕೂತುಕೋ ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಹಿಟ್ಟಿನ ಗಿರಣಿ ಇಟ್ಟಿದ್ದ. ಊರಿಗೆಲ್ಲ ಅದೊಂದೇ ಗಿರಣಿ. ಜನ ಅವನನ್ನು ಸಾಹುಕಾರ ಎನ್ನುತ್ತಿದ್ದರು. ಸಾಹುಕಾರ ಗಿರಣಿಯ ಮೇಲಿನ ಮಾಳಿಗೆಯಲ್ಲಿ ಕೂರುತ್ತಿದ್ದ, ಕೆಳಗೆ ಇಳಿಯುತ್ತಿರಲಿಲ್ಲ. ಬಿಳಿ ಅಂಗಿಗೆ ಹಿಟ್ಟು ಹತ್ತೀತು ಎಂಬ ಭಯ ಅವನಿಗೆ. ಬಿಳಿ ಅಂಗಿಯ ಮೇಲೆ ಹಿಟ್ಟು ಕಾಣುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೆಳಗೆ ಗಿರಣಿ ನೋಡಿಕೊಳ್ಳಲು ಒಬ್ಬ ಕಾರಭಾರಿ ಇದ್ದ. ಮೀಸೆ ಮೂಡುವ ಮೊದಲೇ ಆ ಗಿರಣಿಗೆ ಸೇರಿದವನು. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಕೂಸು. ಮೂವರ ಹೊಟ್ಟೆಯೂ ಆ ಒಂದು ಕೆಲಸದ ಮೇಲೆಯೇ ನಿಂತಿತ್ತು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಗಿರಣಿಯ ಪಾಳಿಯಲ್ಲಿ ಮನುಷ್ಯರು ನಿಲ್ಲುತ್ತಿರಲಿಲ್ಲ, ಡಬ್ಬಿಗಳು ನಿಲ್ಲುತ್ತಿದ್ದವು. ಬೆಳಗಾಗುತ್ತಲೇ ಜೋಳ ತುಂಬಿದ ಡಬ್ಬಿಯನ್ನು ತಂದು ಸಾಲಿನ ಕೊನೆಗೆ ಇಡುವುದು, ಮನೆಗೆ ಹೋಗಿ ತಮ್ಮ ಕೆಲಸ ನೋಡಿಕೊಳ್ಳುವುದು. ಡಬ್ಬಿಯ ಪಾಳಿ ಬಂದಾಗ ಗಿರಣಿಯವರೇ ಅದನ್ನು ಬೀಸಿ ಇಡುತ್ತಿದ್ದರು. ಯಾವ ಡಬ್ಬಿ ಯಾರದು ಎಂದು ಎಲ್ಲರಿಗೂ ಗೊತ್ತು. ಒಬ್ಬರದು ಸೊಟ್ಟ ಮುಚ್ಚಳ, ಒಬ್ಬರದು ಹಸಿರು ಬಣ್ಣ, ಒಬ್ಬರದು ಹಿಡಿಕೆಗೆ ಹಳೆ ಸೀರೆಯ ಅಂಚು ಸುತ್ತಿದ್ದು. ಮಾತು ಬಿಟ್ಟ ಓರಗಿತ್ತಿಯರ ಡಬ್ಬಿಗಳೂ ಅಲ್ಲಿ ಮೈಗೆ ಮೈ ತಾಗಿಸಿ ನಿಲ್ಲುತ್ತಿದ್ದವು. ಮನೆಯವರಿಗೆ ಬಾರದ ಬುದ್ಧಿ ಡಬ್ಬಿಗಳಿಗೆ ಬಂದಿತ್ತು.

ಒಂದು ದಿನ ಕಾರಭಾರಿ ಗಿರಣಿಯ ಬಾಗಿಲಲ್ಲಿ ನಿಂತು ಹೊಸ ನಿಯಮ ಸಾರಿದ. ಇನ್ನು ಮೇಲೆ ಡಬ್ಬಿ ಇಟ್ಟು ಹೋಗುವಂತಿಲ್ಲ. ಡಬ್ಬಿಯ ಪಕ್ಕದಲ್ಲಿ ಅದರ ಒಡೆಯರೂ ನಿಂತಿರಬೇಕು. ಒಡೆಯರಿಲ್ಲದ ಡಬ್ಬಿಯನ್ನು ಎತ್ತಿ ಪಾಳಿಯ ಹೊರಗೆ ಇಡಲಾಗುವುದು. ಯಾಕೆ ಎಂದು ಜನ ಕೇಳಿದರು. ನಿಯಮ ಎಂದರೆ ನಿಯಮ ಎಂದ.

ಊರು ಉರಿದೆದ್ದಿತು. ಎಲ್ಲರಿಗಿಂತ ಹೆಚ್ಚು ಉರಿದವಳು ರೊಟ್ಟಿ ಬಡಿದು ಮಾರುವ ಒಬ್ಬ ಹೆಂಗಸು. ಅವಳು ಬೆಳಿಗ್ಗೆ ಡಬ್ಬಿ ಇಟ್ಟು ಹೋಗಿ ಒಲೆ ಹೊತ್ತಿಸಿ, ಹಿಂದಿನ ದಿನದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಮಧ್ಯಾಹ್ನದೊಳಗೆ ಅಂಗಡಿ ಮನೆಗಳಿಗೆ ಮುಟ್ಟಿಸುತ್ತಿದ್ದಳು. ಈಗ ಗಿರಣಿಯಲ್ಲಿ ನಿಂತರೆ ಒಲೆ ಹೊತ್ತುವುದಿಲ್ಲ, ಒಲೆಯ ಮುಂದೆ ಕೂತರೆ ಹಿಟ್ಟಾಗುವುದಿಲ್ಲ. ಅವಳ ನಾಲಗೆಯೂ ಸಾಮಾನ್ಯದ್ದಲ್ಲ. ಗಿರಣಿಯ ಸದ್ದನ್ನು ಮೀರಿ ಕೇಳಿಸುವ ಗಂಟಲು ಆ ಊರಿನಲ್ಲಿ ಅವಳೊಬ್ಬಳಿಗೇ ಇತ್ತು.

ಅವಳು ಮಾಳಿಗೆಯ ಕೆಳಗೆ ನಿಂತು ಕೂಗಿದಳು. "ಸಾಹುಕಾರ್ರೇ, ಈ ಕಾರಭಾರಿನ ಮನಿಗೆ ಕಳಸ್ರಿ. ಇವನ ಮಾರಿ ನೋಡಿದ್ರ ಹಿಟ್ಟು ಸೈತ ಹುಳಿ ಆಗತೈತಿ."

ಜನ ನಕ್ಕರು. ನಕ್ಕವರೆಲ್ಲ ಅವಳ ಹಿಂದೆ ಸೇರಿ ಕೂಗಿದರು. ಅವನು ಸೊಕ್ಕಿನವನು ಎಂದು ಒಬ್ಬರು, ಅವನ ನಡಿಗೆಯೇ ಸರಿಯಿಲ್ಲ ಎಂದು ಇನ್ನೊಬ್ಬರು. ಅವನ ಕಿವಿ ದೊಡ್ಡದಾಗಿರುವುದೂ ಆ ದಿನ ಒಂದು ತಪ್ಪಾಯಿತು. ಬೆಳಿಗ್ಗೆ ಡಬ್ಬಿಯಿಂದ ಶುರುವಾದ ಮಾತು ಮಧ್ಯಾಹ್ನಕ್ಕೆ ಕಾರಭಾರಿಯ ಕಿವಿಗೆ ಬಂದು ನಿಂತಿತ್ತು. ಡಬ್ಬಿಯನ್ನು ಎಲ್ಲರೂ ಮರೆತಿದ್ದರು.

ಸಾಹುಕಾರ ಮಾಳಿಗೆಯ ಕಿಟಕಿಯಿಂದ ಎಲ್ಲವನ್ನೂ ಕೇಳಿದ. ಬಹಳ ಯೋಚಿಸಿದವನಂತೆ ಗಲ್ಲ ಸವರಿಕೊಂಡ. ಸಂಜೆಯೊಳಗೆ ಕಾರಭಾರಿಯಿಂದ ಬೀಗದ ಕೈ ಇಸಿದುಕೊಂಡು ಅವನನ್ನು ಕಳಿಸಿಬಿಟ್ಟ. ಗಿರಾಕಿಗಳೇ ನನ್ನ ದೇವರು, ದೇವರು ಕೇಳಿದ್ದನ್ನು ಇಲ್ಲ ಎನ್ನಲಾರೆ ಎಂದ. ಜನ ಅವನಿಗೆ ಜೈಕಾರ ಹಾಕಿದರು. ರೊಟ್ಟಿಯವಳು ಬೀದಿಗೆಲ್ಲ ಸಕ್ಕರೆ ಹಂಚಿಸಿದಳು. ಕೆಲಸ ಕಳೆದುಕೊಂಡವನು ಮನೆಗೆ ಹೋಗಬೇಕಾದದ್ದೂ ಅದೇ ಬೀದಿಯಲ್ಲಿ. ಯಾರೋ ಮುಖ ನೋಡದೆ ಅವನ ಕೈಗೂ ಒಂದು ಚಿಟಿಕೆ ಸಕ್ಕರೆ ಹಾಕಿದರು. ಅವನು ಬಾಯಿಗೆ ಹಾಕಿಕೊಂಡು ಮುಂದೆ ನಡೆದ.

ಮರುದಿನ ಹೊಸ ಕಾರಭಾರಿ ಬಂದ. ಬಂದವನೇ ಎಲ್ಲರನ್ನೂ ಅಕ್ಕ, ಅಣ್ಣ, ದೊಡ್ಡವ್ವ ಎಂದು ಕರೆದ. ಮಾತಿಗೊಮ್ಮೆ ನಕ್ಕ. ಪಾಳಿಯಲ್ಲಿದ್ದವರಿಗೆ ಕುಡಿಯಲು ನೀರು ಕೊಟ್ಟ. ಎಂಥ ಒಳ್ಳೆಯ ಮನುಷ್ಯ ಎಂದು ಜನ ಡಬ್ಬಿ ಇಟ್ಟು ಹೊರಟರು. ಅವನು ಹಿಂದಿನಿಂದ ಮೆತ್ತಗೆ ಕರೆದು, ಹಾಗೆ ಇಟ್ಟು ಹೋಗುವಂತಿಲ್ಲ ದೊಡ್ಡವ್ವ, ನಿಲ್ಲಬೇಕು ಎಂದು ಹೇಳಿ ಇನ್ನೊಮ್ಮೆ ನಕ್ಕ.

ಮೊದಲನೆಯವನು ಗದರಿಸಿ ನಿಲ್ಲಿಸುತ್ತಿದ್ದ, ಇವನು ನಕ್ಕು ನಿಲ್ಲಿಸುತ್ತಿದ್ದ. ಕಾಲು ಮಾತ್ರ ಮೊದಲಿನಷ್ಟೇ ನೋಯುತ್ತಿತ್ತು. ಇದು ಜನರಿಗೆ ಹೊಳೆಯಲು ಕೆಲವು ದಿನ ಬೇಕಾಯಿತು. ಹೊಳೆದ ಮೇಲೆ ಅವರು ಮತ್ತೆ ಮಾಳಿಗೆಯ ಕೆಳಗೆ ಸೇರಿದರು. ಕೂಗುವ ಮಾತು ಅವರಿಗೆ ಆಗಲೇ ಬಾಯಿಪಾಠವಾಗಿತ್ತು. ಕಾರಭಾರಿಯನ್ನು ಮನೆಗೆ ಕಳಿಸಿ ಎಂದರೆ ಆಯಿತು, ಯಾವ ಕಾರಭಾರಿ ಬಂದರೂ ಹೊಂದುತ್ತಿತ್ತು.

ರೊಟ್ಟಿಯವಳು ಗಂಟಲು ಸರಿಮಾಡಿಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಜೋರಾಗಿ ಕೂಗಿದರು. ತನಗಿಂತ ಮೊದಲು ಕೂಗುವವರು ಯಾರು ಎಂದು ತಿರುಗಿ ನೋಡಿದಳು. ಕೆಲಸ ಕಳೆದುಕೊಂಡ ಮೊದಲನೆಯ ಕಾರಭಾರಿ. ಕಂಕುಳಲ್ಲಿ ಕೂಸು, ಕಾಲ ಬಳಿ ಡಬ್ಬಿ. ಡಬ್ಬಿ ಅರ್ಧವೂ ತುಂಬಿರಲಿಲ್ಲ. ಅವನೂ ಈಗ ಪಾಳಿಯಲ್ಲಿ ನಿಲ್ಲುವ ಗಿರಾಕಿಯೇ.

"ಎಲಾ ಇವನ, ನೀನ ತಂದ ನಿಯಮಕ್ಕ ನೀನ ಒದರತೀಯಲ್ಲೋ, ನಾಚಿಕಿ ಬರೂದಿಲ್ಲೇನು?" ಎಂದಳು.

"ನಾ ತಂದದ್ದಲ್ಲ ಅಕ್ಕಾ. ಪಕ್ಕದಾಗ ಹೊಸಾ ಭಜಿ ಅಂಗಡಿ ಯಾರದು? ಸಾಹುಕಾರ್ರ ಅಳಿಯಂದು. ನಿಂತ ಮಂದಿಗೆ ಹಸಿವಾಗತೈತಿ. ಡಬ್ಬಿ ಭಜಿ ತಿಂತಾವೇನು?"

ಎಲ್ಲರೂ ಪಕ್ಕದ ಅಂಗಡಿಯ ಕಡೆ ನೋಡಿದರು. ಆಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ರೊಟ್ಟಿಯವಳ ಕೈಯಲ್ಲೇ ಅರ್ಧ ಕಚ್ಚಿದ ಮಿರ್ಚಿ ಭಜಿ ಇತ್ತು.

"ಇದನ್ನ ಅವತ್ತ ಹೇಳಬಾರದಾಗಿತ್ತೇನು?" ಎಂದಳು.

"ಹೇಳಿದ್ರ ಕೆಲಸ ಹೋಗತಿತ್ತು. ಹೇಳಲಿಲ್ಲ, ಆದರೂ ಹೋತು. ನೀವು ಇವನ್ನ ಕಳಸ್ರಿ ಅಂದ್ರಿ, ಯಾರ ನಿಯಮ ಅಂತ ಕೇಳಲೇ ಇಲ್ಲ."

ರೊಟ್ಟಿಯವಳ ಬಾಯಲ್ಲಿದ್ದ ಮಿರ್ಚಿ ಆಗ ಖಾರ ಹತ್ತಿತು. ಸಾಹುಕಾರನಿಗೆ ಕಾರಭಾರಿ ಎಂದರೆ ಬಾಗಿಲ ಮುಂದಿನ ಕಾಲೊರಸು. ಬಂದವರು ಸಿಟ್ಟನ್ನೆಲ್ಲ ಅದಕ್ಕೆ ಒರೆಸಿ ಹೋಗುತ್ತಾರೆ. ಕೊಳೆಯಾದರೆ ಅದನ್ನು ಎಸೆದು ಇನ್ನೊಂದು ಹಾಕಿದರಾಯಿತು, ಮನೆಯೊಳಗೆ ಏನೂ ಬದಲಾಗುವುದಿಲ್ಲ. ಹಾಗೆಂದು ಸಾಹುಕಾರ ಮಾತು ತಪ್ಪಿದವನೂ ಅಲ್ಲ. ಇವರು ಕಾರಭಾರಿಯನ್ನು ತೆಗೆಯಿರಿ ಎಂದರು, ಅವನು ತೆಗೆದ. ನಮ್ಮ ಡಬ್ಬಿಗಳ ಪಾಳಿ ನಮಗೆ ಕೊಡಿ ಎಂದು ಇಡೀ ಊರಿನಲ್ಲಿ ಒಬ್ಬರೂ ಕೇಳಿರಲಿಲ್ಲ.

ಆ ಸಂಜೆ ಅವಳು ಮನೆಮನೆಗೆ ಹೋದಳು. ಕೂಗಲಿಲ್ಲ, ಹೇಳಿದಳು.

ಮರುದಿನ ಬೆಳಿಗ್ಗೆ ಊರೆಲ್ಲ ಡಬ್ಬಿ ಹೊತ್ತು ಬಂದಿತು. ಸಾಲಾಗಿ ಇಟ್ಟಿತು. ಇಟ್ಟು ಮನೆಗೆ ಹೋಯಿತು. ಜೈಕಾರವಿಲ್ಲ, ಧಿಕ್ಕಾರವಿಲ್ಲ. ಡಬ್ಬಿಗಳ ಸಾಲು ಗಿರಣಿಯ ಬಾಗಿಲಿಂದ ಹೊರಟು, ಬೀದಿಯುದ್ದಕ್ಕೂ ಸಾಗಿ, ಕ್ಷೌರದ ಅಂಗಡಿಯ ಮೂಲೆ ತಿರುಗಿ ಕಣ್ಣಿಗೆ ಕಾಣದಾಯಿತು.

ಹೊಸ ಕಾರಭಾರಿ ನಗುತ್ತ ಹೊರಗೆ ಬಂದ. ನಗು ತೋರಿಸಲು ಎದುರಿಗೆ ಯಾರೂ ಇರಲಿಲ್ಲ. ಒಡೆಯರಿಲ್ಲದ ಡಬ್ಬಿಯನ್ನು ಪಾಳಿಯ ಹೊರಗಿಡಬೇಕು ಎಂಬುದು ನಿಯಮ. ಮೊದಲ ಡಬ್ಬಿ ಎತ್ತಿ ಬೀದಿಯ ಆಚೆ ಬದಿಗೆ ಇಟ್ಟ. ಎರಡನೆಯದನ್ನು ಅದರ ಹಿಂದೆ ಇಟ್ಟ. ಹೀಗೆ ಒಂದೊಂದಾಗಿ ಎಲ್ಲವನ್ನೂ ಎತ್ತಿ ಇಟ್ಟು, ಬೆವರು ಒರೆಸಿಕೊಂಡು ನೋಡಿದ. ಬೀದಿಯ ಈ ಬದಿ ಇದ್ದ ಪಾಳಿ ಆ ಬದಿ ಹೋಗಿ ನಿಂತಿತ್ತು, ಅಷ್ಟೇ.

ಗಿರಣಿಯ ಕಲ್ಲು ತಿರುಗಲಿಲ್ಲ. ಪಕ್ಕದಲ್ಲಿ ಅಳಿಯ ಎಂದಿನಂತೆ ಮಿರ್ಚಿ ಕರಿದು ರಾಶಿ ಹಾಕಿದ. ಒಂದು ಆಡು ಬಂದು ಮೂಸಿ ನೋಡಿ ಹೋಯಿತು. ಹಿಟ್ಟಿಲ್ಲದ ಮನೆಗಳಲ್ಲಿ ಆ ದಿನ ಅನ್ನ ಬೇಯಿಸಿದರು. ರೊಟ್ಟಿಯವಳ ಹಂಚು ಒಲೆ ಏರಲಿಲ್ಲ. ಅವಳು ಬಹಳ ದಿನಗಳ ಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹೋಗಿ ಬರುವವರನ್ನು ಕರೆದು ಮಾತಾಡಿಸಿದಳು.

ಗಿರಣಿಯ ಸದ್ದು ನಿಂತರೆ ಅದು ಎಲ್ಲರಿಗಿಂತ ಮೊದಲು ಕೇಳಿಸುವುದು ಸಾಹುಕಾರನಿಗೆ. ಅವನು ಮಾಳಿಗೆಯಿಂದ ಇಳಿದು ಬಂದು ಡಬ್ಬಿಗಳ ಮುಂದೆ ನಿಂತ. ಗದರಿಸಲು ಅಲ್ಲಿ ಜನರಿಲ್ಲ, ದೇವರೇ ಎನ್ನಲೂ ಜನರಿಲ್ಲ. ಡಬ್ಬಿಗಳ ಹತ್ತಿರ ಯಾವ ಉಪಾಯವೂ ನಡೆಯುವುದಿಲ್ಲ. ಕೊನೆಗೆ ಅವನೇ ರೊಟ್ಟಿಯವಳ ಮನೆಗೆ ನಡೆದ. ಈ ಕಾರಭಾರಿಯನ್ನೂ ಈಗಲೇ ತೆಗೆದುಹಾಕುತ್ತೇನೆ ತಾಯಿ, ಸಮಾಧಾನವೇ ಎಂದು ಕೇಳಿದ.

"ಅವ ಇರಲಿ ಬಿಡ್ರಿ, ಪಾಪ, ನಗೂದೊಂದು ಚಂದ ಬರತೈತಿ ಅವಗ. ನೀವು ನಮ್ಮ ಡಬ್ಬಿ ಬೀಸ್ರಿ" ಎಂದಳು.

ಇಳಿಹೊತ್ತಿಗೆ ಗಿರಣಿ ಸದ್ದು ಮಾಡಿತು. ಒಬ್ಬ ಕಾರಭಾರಿಯ ಕೈಯಲ್ಲಿ ಆಗದಷ್ಟು ಡಬ್ಬಿಗಳಿದ್ದವು. ಸಾಹುಕಾರ ತಾನೇ ಅಂಗಿಯ ತೋಳು ಮಡಿಚಿ ಡಬ್ಬಿ ಎತ್ತಿ ಕೊಟ್ಟ. ಸದ್ದು ಕೇಳಿ ಊರೆಲ್ಲ ಬೀದಿಗೆ ಬಂದಿತು. ಹುಬ್ಬು ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡ ಸಾಹುಕಾರನನ್ನು ನೋಡಿ, ಇವರಿಗೆ ಒಂದೇ ದಿನದಲ್ಲಿ ಮುಪ್ಪು ಬಂತಲ್ಲ ಎಂದು ರೊಟ್ಟಿಯವಳು ಅಂದದ್ದೇ ತಡ, ಅವನೂ ನಕ್ಕುಬಿಟ್ಟ. ನಿಯಮ ಆ ನಗುವಿನಲ್ಲೇ ಹೋಯಿತು. ಮರುದಿನದಿಂದ ಡಬ್ಬಿಗಳು ಪಾಳಿಯಲ್ಲಿ ನಿಂತವು, ಮನುಷ್ಯರು ಮನೆಗೆ ಹೋದರು. ಆ ಸಂಜೆಯೇ ಗೆದ್ದ ಖುಷಿಯಲ್ಲಿ ಜನ ಅಳಿಯನ ಆರಿದ ಮಿರ್ಚಿಗಳನ್ನೂ ಒಂದೂ ಬಿಡದೆ ತಿಂದರು. ಕತ್ತಲಾಗುವ ಹೊತ್ತಿಗೆ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಏಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಎಲ್ಲವೂ ತಿಳಿಯಿತು ಎಂದ. ನಾಳೆ ಕಂಪನಿಯ ಬಾಗಿಲಿಗೆ ಯಾರೂ ಹೋಗದಂತೆ ನೋಡಿಕೊಳ್ಳುತ್ತೇನೆ, ಅಧಿಕಾರಿ ಇದ್ದಲ್ಲೇ ಇರಲಿ, ಹಳೆಯ ರುಚಿ ಬರುವ ತನಕ ಪುಡಿ ಯಾರೂ ಕೊಳ್ಳದೆ ಅಂಗಡಿಯಲ್ಲೇ ಕೂತಿರಲಿ ಎಂದ. ಆ ರೊಟ್ಟಿಯವಳಂಥ ಹೆಂಗಸು ನಮ್ಮೂರಿನಲ್ಲಿ ಒಬ್ಬಳಿದ್ದರೆ ಸಾಕಿತ್ತು ಎಂದೂ ಹೇಳಿದ. ನಮಸ್ಕಾರ ಮಾಡಿ, ಖುಷಿಯಲ್ಲಿ ಎರಡೆರಡು ಹೆಜ್ಜೆ ಒಟ್ಟಿಗೆ ಹಾಕುತ್ತ ಬಾಗಿಲ ತನಕ ಹೋದ. ಗುರುಗಳು ಕರೆದರು. ತಿರುಗಿ ನಿಂತ.

"ಆ ಮೊದಲನೆಯ ಕಾರಭಾರಿಗೆ ಕೆಲಸ ಮರಳಿ ಸಿಕ್ಕಿತೇ ಎಂದು ಆ ಊರಿನವರೂ ಕೇಳಲಿಲ್ಲ, ನೀನೂ ಕೇಳಲಿಲ್ಲ."