ಗೋಡೆಯಾಚೆಯ ಕಿವಿ

ಗಂಗಾವತಿಯ ಅಕ್ಕಿ ಗಿರಣಿ ಮಾಲೀಕ ಅಮರೇಗೌಡರು ಕಾರ್ ರೇಸ್ ನೋಡಲು ಚೆನ್ನೈಗೆ ಬಂದರು. ದಾರಿಯುದ್ದಕ್ಕೂ ಕಾರು ಓಡಿಸಿದವನು ಡ್ರೈವರ್ ಹುಲಿಗೆಪ್ಪ. ಗೌಡರ ಜೇಬಿನಲ್ಲಿ ಎರಡು ಪಾಸಿದ್ದವು. ಹುಲಿಗೆಪ್ಪ ಆಸೆಯಿಂದ ನೋಡಿದ.

"ಡ್ರೈವರ್‌ಗೆ ಒಳಗೇನು ಕೆಲಸ? ಕಾರಿನ ಹತ್ರ ಇರು," ಎಂದು ಹೇಳಿ ಗೌಡರು ಒಳಗೆ ಹೋಗಿ, ಎರಡನೇ ಕುರ್ಚಿಯ ಮೇಲೆ ತಮ್ಮ ಚೀಲ ಕೂರಿಸಿದರು.

ಪಕ್ಕದಲ್ಲಿ ಬಳ್ಳಾರಿಯ ಅಕ್ಕಿ ವ್ಯಾಪಾರಿಗಳಿದ್ದರು. ರೇಸಿನ ವಿಷಯ ತಮಗೆ ಅಂಗೈ ಗೆರೆಯಷ್ಟು ಗೊತ್ತೆಂದು ಗೌಡರು ಕೊಚ್ಚಿಕೊಂಡರು. ಕಾರುಗಳು ಸುತ್ತತೊಡಗಿದಾಗ ತಲೆಬುಡ ತಿಳಿಯಲಿಲ್ಲ. ಮೆಲ್ಲಗೆ ಫೋನ್ ತೆಗೆದರು.

"ಹುಲಿಗೆಪ್ಪ, ಈ ರೇಸಿನ ಬಗ್ಗೆ ಏನರ ಹೇಳೋ. ಮರ್ಯಾದಿ ಹೋಗ್ತೈತಿ."

ಇಪ್ಪತ್ತು ವರ್ಷ ಲಾರಿ ಓಡಿಸಿದ ಹುಲಿಗೆಪ್ಪ ಹೊರಗೋಡೆಗೆ ಒರಗಿ ಕಿವಿಗೊಟ್ಟ. "ಒಂದು ಇಂಜಿನ್ ಕೆಮ್ಮಾಕತ್ತೈತ್ರಿ. ಎರಡು ಸುತ್ತಿನಾಗ ನಿಲ್ತೈತಿ."

ಗೌಡರು ಅದನ್ನೇ ಗತ್ತಿನಿಂದ ಹೇಳಿದರು. ಎರಡನೇ ಸುತ್ತಿಗೆ ಒಂದು ಕಾರು ಹೊಗೆಯುಗುಳಿ ನಿಂತೇಬಿಟ್ಟಿತು. ವ್ಯಾಪಾರಿಗಳು ಬೆರಗಾಗಿ, "ಹಂಗಾರ ಗೆಲ್ಲೋ ಕಾರು ಯಾವುದ್ರಿ?" ಎಂದರು. ಗೌಡರು ಮತ್ತೆ ಫೋನ್ ಹಿಡಿದರು.

"ಅದೂ ಗೊತ್ತೈತ್ರಿ ಗೌಡ್ರ," ಎಂದ ಹುಲಿಗೆಪ್ಪ. "ಆದ್ರ ಗೋಡಿ ಆಚಿಂದ ಇಂಜಿನ್ ದನಿ ಕೇಳ್ತೈತಿ, ಕಾರಿನ ಬಣ್ಣ ಕಾಣಂಗಿಲ್ಲ."

ಗೌಡರು ತಾವೇ ಗೇಟಿಗೆ ಹೋಗಿ ಪಾಸು ಕೊಟ್ಟು ಕರೆತಂದರು. ಚೀಲ ಅವರ ತೊಡೆಗೆ ಬಂತು. ಕುರ್ಚಿಯಲ್ಲಿ ಕೂತ ಹುಲಿಗೆಪ್ಪ ಹಳದಿ ಕಾರಿನತ್ತ ಬೆರಳು ತೋರಿದ. ಹಳದಿಯೇ ಗೆದ್ದಿತು. ಅದನ್ನು ಓಡಿಸಿದವನು ಇಳಿದು ಕೈಯೆತ್ತಿದಾಗ ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಗೌಡರೂ ಎದ್ದರು.

ಹುಲಿಗೆಪ್ಪ ಕೂತಲ್ಲಿಂದಲೇ ಹೇಳಿದ: "ನೋಡ್ರಿ ಗೌಡ್ರ, ಇಷ್ಟು ಮಂದಿ ಎದ್ದು ನಿಂತದ್ದು ಒಬ್ಬ ಡ್ರೈವರ್‌ಗೆ."